ಬಸಿದ ಕಟ್ಟು, ಊಟದ ಮೇಲಿನ ಕಾಫಿ, ಹೆಪ್ಪುಗಟ್ಟದ ಮೊಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಬಹುಪಾಲು ಶೀತ, ಕೆಮ್ಮು, ಜ್ವರ ಮತ್ತು 'ಏನು ತಿಂದರೆ ತಡೆಯಬಹುದು' ಎಂಬುದರ ಸುತ್ತಲೇ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಕಾಯಿಲೆಯ ವಿವರ ಬರೆದವರ ಊರಿನ ಹೆಸರು ಮಾತ್ರ ಕೊಟ್ಟಿದ್ದೇವೆ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಹಾಲಿಗೆ ಬೆರೆಸುವ ಪುಡಿ, ಜೊತೆಗೆ ಚ್ಯವನಪ್ರಾಶ ತರಿಸುತ್ತಿದ್ದೇವೆ. ಆದರೂ ಮನೆಯಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ನೆಗಡಿ. ಇದಕ್ಕಿಂತ ಒಳ್ಳೆಯದು ಯಾವುದು?
ಓದುಗರು, ಹಾಸನ

ಪುಡಿ ಬದಲಿಸುವುದರಿಂದ ಏನೂ ಆಗದು. ರೋಗನಿರೋಧಕ ಶಕ್ತಿ ಎಂಬುದು ತಿರುವಿದಷ್ಟೂ ಹೆಚ್ಚು ಉರಿಯುವ ದೀಪದ ಬತ್ತಿಯಲ್ಲ. ಬಿಳಿ ರಕ್ತಕಣ, ಪ್ರತಿಕಾಯ, ಮೂಗು-ಗಂಟಲು-ಕರುಳಿನ ಒಳಪೊರೆ, ಎಲುಬಿನ ಮಜ್ಜೆ ಎಲ್ಲವೂ ಸೇರಿ ಮಾಡುವ ಕೆಲಸ ಅದು. ಆ ಕೆಲಸ ಹದ ತಪ್ಪಿ ಜೋರಾದರೂ ತೊಂದರೆಯೇ. ಅಲರ್ಜಿ, ಕೆಲವು ಬಗೆಯ ಸಂಧಿವಾತ ಅಂಥವು. ಊಟ ಮಾಡಬಲ್ಲದ್ದು ಇಷ್ಟು: ಆ ಕೆಲಸಕ್ಕೆ ಬೇಕಾದ ಸಾಮಾನು ಕೊರತೆಯಾಗದಂತೆ ನೋಡಿಕೊಳ್ಳುವುದು. ಪ್ರತಿಕಾಯಗಳು ಪ್ರೋಟೀನಿನಿಂದಲೇ ಆದವು. ಒಳಪೊರೆ ಗಟ್ಟಿಯಿರಲು ಎ ಜೀವಸತ್ವ ಬೇಕು. ಹೊಸ ಕಣ ಹುಟ್ಟಲು ಫೋಲೇಟ್ (ಬಿ ಗುಂಪಿನ ಒಂದು ಜೀವಸತ್ವ), ಬಿ12, ಸತು, ಕಬ್ಬಿಣ ಬೇಕು. ಸಿ ಮತ್ತು ಡಿ ಜೀವಸತ್ವಗಳಿಗೂ ಅವುಗಳದೇ ಪಾಲಿದೆ. ಕೊರತೆ ಇದ್ದವರಿಗೆ ಅದನ್ನು ತುಂಬಿದರೆ ಗುಣ ಕಾಣುತ್ತದೆ. ಇಲ್ಲದವರಿಗೆ ಮೇಲೆ ಮೇಲೆ ಸುರಿದರೆ ಕಾಣುವುದಿಲ್ಲ.

ಸಿ ಜೀವಸತ್ವವನ್ನೇ ನೋಡಿ. ಸಾಮಾನ್ಯ ಜನ ದಿನವೂ ಮಾತ್ರೆ ನುಂಗಿದರೆ ನೆಗಡಿ ಬರುವುದು ಕಮ್ಮಿಯಾಗುವುದಿಲ್ಲ, ಬಂದ ನೆಗಡಿ ತುಸು ಬೇಗ ಬಿಡುತ್ತದೆ: ದೊಡ್ಡವರಲ್ಲಿ ಸುಮಾರು ಶೇ 8, ಮಕ್ಕಳಲ್ಲಿ ಶೇ 14ರಷ್ಟು. ಅಂದರೆ ಏಳು ದಿನದ ನೆಗಡಿಯಲ್ಲಿ ಅರ್ಧ ದಿನ, ಒಂದು ದಿನ.

ನಿಮ್ಮ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದಿ. ಯಾವುದು ಹೆಚ್ಚು ತೂಕವೋ ಅದನ್ನೇ ಮೊದಲು ಬರೆದಿರುತ್ತಾರೆ. ಮೊದಲ ಎರಡು ಹೆಸರಲ್ಲೇ ಸಕ್ಕರೆ ಇದ್ದರೆ ನೀವು ಕೊಳ್ಳುತ್ತಿರುವುದು ದುಬಾರಿ ಸಕ್ಕರೆ. ಆ ದುಡ್ಡಿಗೆ ದಿನಕ್ಕೆ ಒಂದು ಸೀಬೆಹಣ್ಣು, ಮನೆಮಂದಿಗೆಲ್ಲ ಒಂದೊಂದು ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಇನ್ನೊಂದು ಹಿಡಿ ಕಾಳು ಬರುತ್ತದೆ.

ಬಸ್ಸಾರಿಗೆ ಸೊಪ್ಪು-ಕಾಳನ್ನು ಬೇಯಿಸಿ ಬಸಿಯುವುದರಿಂದ ಸತ್ವವೆಲ್ಲ ಹೋಗುತ್ತದೆ, ಕುಕ್ಕರಿನಲ್ಲಿ ಕೂಗಿಸುವುದೇ ಸರಿ ಎನ್ನುತ್ತಾಳೆ ಸೊಸೆ. ಹೌದೇ?
ಓದುಗರು, ಹೊಳೆನರಸೀಪುರ

ಸತ್ವ ಹೋಗುವುದು ಬಸಿದದ್ದನ್ನು ಚೆಲ್ಲಿದಾಗ. ಬಸ್ಸಾರಿನಲ್ಲಿ ಚೆಲ್ಲುವುದೇ ಇಲ್ಲ, ಬಸಿದ ನೀರು ಅಂದರೆ ಕಟ್ಟೇ ಸಾರಾಗುತ್ತದೆ. ಈ ಲೆಕ್ಕದಲ್ಲಿ ಹಾಸನದ ಅಡುಗೆಮನೆಯ ಅತ್ಯಂತ ಜಾಣ ಅಡುಗೆ ಇದೇ ಎನ್ನಬೇಕು. ಸೊಪ್ಪಿನ ಫೋಲೇಟ್, ಪೊಟ್ಯಾಸಿಯಮ್, ಕಾಳಿನ ಬಿ ಗುಂಪಿನ ಜೀವಸತ್ವಗಳು ನೀರಿಗಿಳಿಯುತ್ತವೆ, ಆ ನೀರು ತಟ್ಟೆಗೇ ಬರುತ್ತದೆ. ಸೊಪ್ಪಿನ ಹಳದಿ-ಕಿತ್ತಳೆ ಬಣ್ಣದ ಕ್ಯಾರೋಟಿನ್ (ಮೈಯಲ್ಲಿ ಎ ಜೀವಸತ್ವವಾಗುವುದು ಇದೇ) ನೀರಿಗಿಳಿಯುವುದಿಲ್ಲ, ಪಲ್ಯದಲ್ಲೇ ಉಳಿಯುತ್ತದೆ. ನಿಜವಾಗಿ ಕಳೆದುಹೋಗುವುದು ಸಿ ಜೀವಸತ್ವ. ಅರ್ಧಕ್ಕಿಂತ ಹೆಚ್ಚು ಬಿಸಿಗೇ ಹಾಳಾಗುತ್ತದೆ, ಕುಕ್ಕರಾದರೂ ಬಾಣಲೆಯಾದರೂ.

ನಾಲ್ವರಿಗೆ ಆಗುವ ಅಳತೆ ಹೀಗೆ. ಹೆಸರುಕಾಳು ಅಥವಾ ಅಲಸಂದೆ 150 ಗ್ರಾಂ, ನಾಲ್ಕೈದು ಗಂಟೆ ನೆನೆದಿರಲಿ. ದಂಟಿನ ಸೊಪ್ಪು ಎರಡು ಕಟ್ಟು, ಬಿಡಿಸಿದ ಮೇಲೆ ಸುಮಾರು 400 ಗ್ರಾಂ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ. ಅಗಲ ಪಾತ್ರೆಯ ನೀರಿನಲ್ಲಿ ಅದ್ದಿ ಅಲುಗಿಸಿ ಸೊಪ್ಪನ್ನು ಮೇಲಕ್ಕೆತ್ತಿ, ನೀರು ಬಗ್ಗಿಸಬೇಡಿ. ಬಗ್ಗಿಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಕೂರುತ್ತದೆ. ಮೂರು ಸಲ ಹೀಗೆ. ಹೆಚ್ಚಿ ನೀರಿನಲ್ಲಿ ನೆನೆಹಾಕುವುದು ಬೇಡ.

ಒಂದೂಕಾಲು ಲೀಟರ್ ನೀರು ಕುದಿ ಬಂದಾಗ ಕಾಳು ಹಾಕಿ. ಬೆರಳಲ್ಲಿ ಒತ್ತಿದರೆ ಸೀಳಬೇಕು, ಹಿಟ್ಟಾಗಬಾರದು; ಆ ಹದಕ್ಕೆ ಸೊಪ್ಪು ಹಾಕಿ ಮುಚ್ಚಿ ಐದಾರು ನಿಮಿಷ ಬೇಯಿಸಿ. ಉಪ್ಪು ಆಮೇಲೆ. ಬಸಿದರೆ ಮುಕ್ಕಾಲು ಲೀಟರ್ ಕಟ್ಟು ಸಿಗಬೇಕು. ಒಂದೂವರೆ ಲೀಟರ್ ಸಿಕ್ಕಿತೆಂದರೆ ನೀರು ಜಾಸ್ತಿ ಇಟ್ಟಿದ್ದೀರಿ. ಸಾರು ನೀರಾಗುತ್ತದೆ, ಮಿಕ್ಕಿದ್ದು ಬಚ್ಚಲಿಗೆ ಹೋಗುತ್ತದೆ, ಸೊಸೆಯ ಮಾತು ಆಗ ನಿಜವಾಗುತ್ತದೆ. ಕೆಂಡದಲ್ಲೋ ಒಲೆ ಉರಿಯಲ್ಲೋ ಸುಟ್ಟ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಹುರಿದ ನಾಲ್ಕೈದು ಒಣಮೆಣಸಿನಕಾಯಿ, ಎರಡು ಚಮಚ ಧನಿಯ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಮೂರು ದೊಡ್ಡ ಚಮಚ ತೆಂಗಿನತುರಿ, ಅರ್ಧ ನಿಂಬೆ ಗಾತ್ರದ ಹುಣಸೆ, ಜೊತೆಗೆ ಬೆಂದ ಸೊಪ್ಪು-ಕಾಳು ಒಂದು ಸೌಟು. ಇಷ್ಟನ್ನೂ ರುಬ್ಬಿ ಕಟ್ಟಿಗೆ ಕದಡಿ ಎರಡು ಕುದಿ ಬರಿಸಿದರೆ ಸಾಕು. ಆ ಒಂದು ಸೌಟು ಬಿಟ್ಟರೆ ಸಾರಿಗೆ ಮೈ ಬರುವುದಿಲ್ಲ.

ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ತಲೆಗೆ ಒಂದು ಚಮಚ ಎಣ್ಣೆಯಾದರೂ ಇರಲಿ, ಕೊಬ್ಬಿಲ್ಲದೆ ಕ್ಯಾರೋಟಿನ್ ಮೈಗೆ ಹತ್ತುವುದಿಲ್ಲ. ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ: ಕಳೆದ ಸಿ ಜೀವಸತ್ವ ಸ್ವಲ್ಪ ವಾಪಸು ಬರುತ್ತದೆ, ಸೊಪ್ಪು-ಕಾಳಿನ ಕಬ್ಬಿಣ ಹೀರಿಕೊಳ್ಳಲೂ ಅದೇ ನೆರವು. ಸೊಪ್ಪು ಹಸಿರಾಗಿರಲಿ, ಕಾಳು ಬೇಗ ಬೇಯಲಿ ಎಂದು ಸೋಡಾ ಹಾಕಬೇಡಿ. ಸೋಡಾ ಬಿ1 ಜೀವಸತ್ವವನ್ನೂ ಸಿಯನ್ನೂ ತಿಂದುಹಾಕುತ್ತದೆ.

ಕಟ್ಟು ಚೆಲ್ಲಲೇಬೇಕಾದ ಸಂದರ್ಭಗಳೂ ಇವೆ. ಮಲೆನಾಡಿನ ಕಳಲೆಯನ್ನು ನೆನೆಸಿದ ನೀರು, ಬೇಯಿಸಿದ ಮೊದಲ ನೀರು ಎರಡನ್ನೂ ಚೆಲ್ಲಬೇಕು, ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಸ್ತು ಇದೆ. ಎರಡು ಮೂರು ದಿನ ದಿನವೂ ನೀರು ಬದಲಿಸುವ ಹಳೆಯ ಪದ್ಧತಿಗೆ ಕಾರಣ ಅದೇ. ಮೂತ್ರಪಿಂಡದಲ್ಲಿ ಕಲ್ಲಾಗಿ ಆಕ್ಸಲೇಟ್ ಕಮ್ಮಿ ಮಾಡಿ ಎಂದು ವೈದ್ಯರು ಹೇಳಿರುವವರು ದಂಟು, ಪಾಲಕ್ ಸೊಪ್ಪಿನ ಕಟ್ಟು ಬಳಸಬೇಡಿ.

ಹಿಮೋಗ್ಲೋಬಿನ್ 9.6 ಇದೆ. ಸೊಪ್ಪು, ರಾಗಿ, ಬೆಲ್ಲ ಎಲ್ಲ ತಿನ್ನುತ್ತೇನೆ, ಏರುವುದಿಲ್ಲ. ಮಳೆಗಾಲದಲ್ಲಿ ಒಂದು ಜ್ವರ ಹೋದರೆ ಇನ್ನೊಂದು. ತೋಟದ ಮನೆ, ದಿನಕ್ಕೆ ಐದು ಲೋಟ ಕಾಫಿ ಆಗುತ್ತದೆ.
ಓದುಗರು, ಮೂಡಿಗೆರೆ

ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇರಬಹುದು. ಕಾಫಿ, ಟೀಯಲ್ಲಿರುವ ಒಗರಿನ ಪಾಲಿಫಿನಾಲುಗಳು ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತವೆ. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇ 39ರಷ್ಟು ಕುಸಿಯಿತು, ಟೀ ಕುಡಿದಾಗ ಶೇ 64. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ; ಊಟವಾಗಿ ಒಂದು ಗಂಟೆ ಕಳೆದು ಕುಡಿದರೆ ಜೊತೆಗೇ ಕುಡಿದಷ್ಟೇ ನಷ್ಟ. ಹಾಗಾಗಿ ಕಾಫಿ ಬಿಡಿ ಎಂದು ಕಾಫಿ ಸೀಮೆಯವರಿಗೆ ಹೇಳುವ ಧೈರ್ಯ ನಮಗಿಲ್ಲ, ಹೇಳುವ ಅಗತ್ಯವೂ ಇಲ್ಲ. ಹೊತ್ತು ಬದಲಿಸಿ. ಬೆಳಗ್ಗೆ ಆರಕ್ಕೆ ಕುಡಿದು ಏಳೂವರೆಗೆ ತಿಂಡಿ ತಿನ್ನಿ. ಕಡುಬಿನ ಜೊತೆ ಲೋಟ ಹಿಡಿಯುವುದು, ಊಟ ಮುಗಿದ ಕೂಡಲೇ ಅರ್ಧ ಲೋಟ, ಈ ಎರಡನ್ನು ನಿಲ್ಲಿಸಿ. ಊಟದ ಮೇಲೆ ಎರಡು ಗಂಟೆ ಬಿಡಿ. ಐದು ಮೂರಾದರೆ ಇನ್ನೂ ಒಳ್ಳೆಯದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು. 100 ಗ್ರಾಂ ರಾಗಿಯಲ್ಲಿರುವುದು ನಾಲ್ಕೈದು ಮಿಲಿಗ್ರಾಂ, ಅದರಲ್ಲೂ ಫೈಟೇಟ್ ಎಂಬ ವಸ್ತು ಅಡ್ಡ ಬರುತ್ತದೆ. ರಾಗಿಯ ದೊಡ್ಡಸ್ತಿಕೆ ಸುಣ್ಣದಂಶದಲ್ಲಿ, ಕಬ್ಬಿಣದಲ್ಲಲ್ಲ. ಬೆಲ್ಲವನ್ನು ನಂಬಿ ಕೂರುವಂತಿಲ್ಲ. ಮೊಳಕೆ ಕಟ್ಟಿದ ಕಾಳು, ನುಗ್ಗೆಸೊಪ್ಪು, ಮಾಂಸ ತಿನ್ನುವವರಾದರೆ ವಾರಕ್ಕೊಮ್ಮೆ ಕುರಿಯ ಈಲಿ. ಜೊತೆಗೆ ನಿಂಬೆರಸ ಅಥವಾ ಊಟವಾದ ಮೇಲೆ ಅರ್ಧ ಸೀಬೆಹಣ್ಣು. ಬಸುರಿಯಾಗಿದ್ದರೆ ಅಥವಾ ಆಗುವ ಯೋಚನೆಯಿದ್ದರೆ ಈಲಿ ಬೇಡ, ಅದರಲ್ಲಿ ಎ ಜೀವಸತ್ವ ಮಿತಿಮೀರಿ ಇರುತ್ತದೆ.

ಆದರೆ 9.6 ಅನ್ನು ಊಟದಿಂದಲೇ 12ಕ್ಕೆ ಏರಿಸುತ್ತೇನೆಂದು ಕಾಯಬೇಡಿ. ಮಾತ್ರೆ ಬೇಕಾಗುತ್ತದೆ, ಅದನ್ನೂ ಕಾಫಿಯಿಂದ ದೂರ ತೆಗೆದುಕೊಳ್ಳಿ. ಮುಟ್ಟಿನ ರಕ್ತ ಅತಿಯಾಗಿ ಹೋಗುತ್ತಿದೆಯೇ ಎಂದು ತೋರಿಸಿಕೊಳ್ಳಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುತ್ತೀರಾದರೆ ಕೊಕ್ಕೆಹುಳದ ಪರೀಕ್ಷೆಯೂ ಆಗಲಿ. ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ತೂರಿ ಬಂದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳ ಅದು. ಅದು ಒಳಗಿರುವಷ್ಟು ದಿನ ನೀವು ತಿಂದ ಸೊಪ್ಪು ಹುಳಕ್ಕೆ ಸೇರುತ್ತದೆ.

ಬೆಟ್ಟದ ನೆಲ್ಲಿಕಾಯಿ ಈ ಸಲ ಹೇರಳವಾಗಿ ಸಿಕ್ಕರೆ ಮಳೆಗಾಲದವರೆಗೂ ಸತ್ವ ಉಳಿಯುವಂತೆ ಇಡುವುದು ಹೇಗೆ?
ಓದುಗರು, ಕೊಪ್ಪ

ತಳಿ, ಬೆಳೆದ ಜಾಗ ನೋಡಿಕೊಂಡು 100 ಗ್ರಾಂ ನೆಲ್ಲಿಯಲ್ಲಿ 250ರಿಂದ 600 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕು. ಲೆಕ್ಕ ಹಾಕಿದರೆ ಮಧ್ಯಮ ಗಾತ್ರದ ಒಂದೇ ಒಂದು ಹಸಿ ನೆಲ್ಲಿಕಾಯಿ. ಹಿಡಿಗಟ್ಟಲೆ ತಿಂದರೆ ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ.

ಸತ್ವ ಹೆಚ್ಚು ಉಳಿಯುವುದು ಹಸಿಯಾಗಿ ಬೀಜ ತೆಗೆದು ಡೀಪ್ ಫ್ರೀಜರಿನಲ್ಲಿಟ್ಟರೆ. ಕರೆಂಟ್ ನೆಚ್ಚಿಕೊಳ್ಳುವಂತಿಲ್ಲದ ಕಡೆ ಉಪ್ಪುನೀರೇ ಸರಿ. ಕಲೆ, ಗಾಯವಿಲ್ಲದ ಒಂದು ಕಿಲೋ ಕಾಯಿ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಒಂದು ಲೀಟರ್ ನೀರಿಗೆ 150 ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ, ತಣಿದ ಮೇಲೆ ಸೋಸಿ ಭರಣಿಗೆ ಸುರಿಯಿರಿ. ಬಿಸಿನೀರು ಸುರಿದರೆ ಕಾಯಿ ಬೆಂದು ಮೆತ್ತಗಾಗುತ್ತದೆ. ಮೇಲೊಂದು ಪಿಂಗಾಣಿ ತಟ್ಟೆ ಇಟ್ಟು ಕಾಯಿ ಪೂರ್ತಿ ಮುಳುಗಿರುವಂತೆ ನೋಡಿ. ತೇಲಿದ ಕಾಯಿಗೆ ಗಾಳಿ ತಾಗಿ ಬಿಳಿ ಕೆನೆಯಂಥದ್ದು ಕಟ್ಟುತ್ತದೆ. ತೆಳ್ಳಗೆ ಬಿಳಿಯಾಗಿದ್ದರೆ ತೆಗೆದುಹಾಕಿ ಉಪ್ಪು ಹೆಚ್ಚಿಸಬಹುದು. ಕಪ್ಪು ಅಥವಾ ಹಸಿರು ಬೂಸ್ಟು, ನಾತ, ಲೋಳೆ ಕಂಡರೆ ಭರಣಿಯನ್ನೇ ಖಾಲಿ ಮಾಡಿ. ಎರಡು ಮೂರು ವಾರಕ್ಕೆ ಹದ ಬರುತ್ತದೆ. ಸಿ ಜೀವಸತ್ವದ ಒಂದಂಶ ಆ ನೀರಿಗೇ ಇಳಿದಿರುತ್ತದೆ, ತಂಬುಳಿಗೆ ಉಪ್ಪಿನ ಬದಲು ಅದೇ ನೀರು ಹಾಕಿ. ರಕ್ತದೊತ್ತಡ ಇರುವವರಿಗೆ ಈ ನೆಲ್ಲಿ ಅಲ್ಲ.

ಸಕ್ಕರೆಪಾಕದಲ್ಲಿ ಕುದಿಸಿದ ಮೊರಬ್ಬ, ಬಿಸಿಲಿಗೆ ಒಣಗಿಸಿದ ಚೂರು ಬಾಯಿಗೆ ರುಚಿ. ಸಿ ಜೀವಸತ್ವಕ್ಕಾಗಿ ಅವನ್ನು ತಿನ್ನುತ್ತೇವೆ ಎನ್ನಬೇಡಿ. ಅಂದಹಾಗೆ, ನೆಲ್ಲಿ ಮುಗಿದ ಮೇಲೂ ಪೇಟೆಯಲ್ಲಿ ಪೇರಳೆ ಸಿಗುತ್ತದೆ. ಹಾಸನದವರು ಸೀಬೆ ಎನ್ನುವ ಅದೇ ಹಣ್ಣಿನಲ್ಲಿ 100 ಗ್ರಾಂಗೆ 200 ಮಿಲಿಗ್ರಾಂ ಆಸುಪಾಸು, ಕಿತ್ತಳೆಯ ಸುಮಾರು ನಾಲ್ಕು ಪಟ್ಟು. ಆಸ್ಪತ್ರೆಗೆ ನೋಡಲು ಹೋಗುವವರು ಮಾತ್ರ ಇನ್ನೂ ಸೇಬನ್ನೇ ಕೊಂಡೊಯ್ಯುತ್ತಾರೆ.

ಅರಿಶಿನ ಹಾಲಿಗೆ ಮೆಣಸು ಹಾಕಿದರೆ ಇಪ್ಪತ್ತು ಪಟ್ಟು ಕೆಲಸ ಮಾಡುತ್ತದಂತೆ. ಯಜಮಾನರು ದಿನಕ್ಕೆ ಮೂರು ಹೊತ್ತು ಕಷಾಯ ಬೇರೆ ಕುಡಿಯುತ್ತಾರೆ. ಈಗ ಎದೆಯುರಿ ಶುರುವಾಗಿದೆ.
ಓದುಗರು, ಆಲೂರು

ಇಪ್ಪತ್ತು ಪಟ್ಟಿನ ಮಾತು ಗಾಳಿಸುದ್ದಿಯಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪ್ರಕಟಿಸಿದ ಫಲಿತಾಂಶ ಅದು. ಆದರೆ ಅವರು ಕೊಟ್ಟದ್ದು ಅರಿಶಿನವಲ್ಲ, ಅದರಿಂದ ಬೇರ್ಪಡಿಸಿದ ಕುರ್ಕುಮಿನ್ 2 ಗ್ರಾಂ, ಜೊತೆಗೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ. ಅರಿಶಿನ ಪುಡಿಯಲ್ಲಿ ಕುರ್ಕುಮಿನ್ ಇರುವುದು ಶೇ 3ರಷ್ಟು. ಅರ್ಧ ಚಮಚ ಅಂದರೆ 1.5 ಗ್ರಾಂ ಪುಡಿಯಲ್ಲಿ 45 ಮಿಲಿಗ್ರಾಂ. 2 ಗ್ರಾಂ ಬೇಕೆಂದರೆ 60 ಗ್ರಾಂಗಿಂತ ಹೆಚ್ಚು ಅರಿಶಿನ ಹಾಲಿಗೆ ಸುರಿಯಬೇಕು! ಅಲ್ಲದೆ ರಕ್ತಕ್ಕೆ ಸೇರುವುದು ಬೇರೆ, ನೆಗಡಿ ತಡೆಯುವುದು ಬೇರೆ. ಆ ಅಧ್ಯಯನ ನೋಡಿದ್ದು ಮೊದಲನೆಯದನ್ನು ಮಾತ್ರ. ರಾತ್ರಿ ಕಾಲು ಚಮಚ ಅರಿಶಿನ, ಎರಡು ಮೂರು ಕಾಳು ಮೆಣಸು ಕುಟ್ಟಿ ಹಾಕಿದ ಹಾಲು ಗಂಟಲಿಗೆ ಹಿತ. ಅಷ್ಟಕ್ಕೇ ಕುಡಿಯಿರಿ. ಹೊಳೆಯುವ ಹಳದಿಯ ಬಿಡಿ ಪುಡಿ ಕೊಳ್ಳಬೇಡಿ, ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸುವುದುಂಟು. ಕೊಂಬು ತಂದು ಪುಡಿ ಮಾಡಿಸಿ.

ಎದೆಯುರಿಗೆ ಕಾರಣ ಕಷಾಯವೇ ಇರಬೇಕು, ಅದರಲ್ಲೂ ಖಾಲಿ ಹೊಟ್ಟೆಯ ಮೆಣಸು, ಶುಂಠಿ. ಧನಿಯ 100 ಗ್ರಾಂ, ಜೀರಿಗೆ 50, ಸೋಂಪು 25, ಮೆಣಸು 10, ಒಣಶುಂಠಿ 10 ಗ್ರಾಂ ಹುರಿದು ಪುಡಿ ಮಾಡಿದರೆ ಸೌಮ್ಯ ಕಷಾಯದ ಪುಡಿ. ಒಂದು ಲೋಟ ನೀರಿಗೆ ಒಂದು ಚಮಚ, ಐದು ನಿಮಿಷದ ಕುದಿ, ಚೂರು ಬೆಲ್ಲ, ಹಾಲು. ದಿನಕ್ಕೊಮ್ಮೆ, ತಿಂಡಿಯಾದ ಮೇಲೆ. ಬಿಸಿನೀರಿನ ಹಬೆಯಿಂದ ಮೂಗು ಬಿಡುತ್ತದೆ, ಗಂಟಲು ಸಡಿಲವಾಗುತ್ತದೆ. ಉಪಕಾರ ಅಷ್ಟೇ, ಅದೇನು ಕಮ್ಮಿಯಲ್ಲ.

ಪುಡಿಗೆ ಜ್ಯೇಷ್ಠಮಧು ಸೇರಿಸಿದ್ದರೆ ತೆಗೆಯಿರಿ. ದಿನವೂ ಹೋದರೆ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಯಕೃತ್ತು ಕೆಟ್ಟ ವರದಿಗಳಿವೆ. ಯಕೃತ್ತಿನ ತೊಂದರೆ, ಥೈರಾಯ್ಡ್ ಅಥವಾ ಕೀಲಿನ ಸ್ವರಕ್ಷಾ ಕಾಯಿಲೆ (ರೋಗನಿರೋಧಕ ಶಕ್ತಿ ಸ್ವಂತ ಮೈಯ ಮೇಲೇ ತಿರುಗಿಬೀಳುವಂಥದ್ದು) ಇರುವವರು ಅದರ ಸುದ್ದಿಗೆ ಹೋಗಬಾರದು. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಕುರ್ಕುಮಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುವ ಮೊದಲು ವೈದ್ಯರಿಗೆ ತಿಳಿಸಿ.

ಹಿತ್ತಲಲ್ಲಿ ಚಕ್ರಮುನಿ ಸೊಪ್ಪು ಬೇಲಿಯಷ್ಟಿದೆ. ಎಲ್ಲ ಜೀವಸತ್ವಗಳೂ ಇವೆ ಎಂದು ಬೆಳಗ್ಗೆ ಹಸಿ ರಸ ಕುಡಿಯಲು ಹೇಳುತ್ತಾರೆ. ಎಷ್ಟು ಕುಡಿಯಬಹುದು?
ಓದುಗರು, ಶೃಂಗೇರಿ

ರಸವಾಗಿ ಒಂದು ತೊಟ್ಟೂ ಬೇಡ. ತೈವಾನಿನಲ್ಲಿ 1990ರ ದಶಕದ ನಡುವೆ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಹಲವರಿಗೆ ಶ್ವಾಸಕೋಶದ ಸಣ್ಣ ಗಾಳಿಕೊಳವೆಗಳು ಮತ್ತೆ ತೆರೆಯದಂತೆ ಮುಚ್ಚಿಕೊಂಡವು. ಬೇಯಿಸಿದ ಸೊಪ್ಪನ್ನು ಸಾಂಬಾರಿಗೆ, ಪಲ್ಯಕ್ಕೆ ಉಳಿದ ಸೊಪ್ಪುಗಳ ಜೊತೆ ಸರದಿಯಲ್ಲಿ ವಾರಕ್ಕೊಂದು ಸಲ ಬಳಸಿ. ಕ್ಯಾರೋಟಿನ್, ಪ್ರೋಟೀನ್ ಎರಡರಲ್ಲೂ ಒಳ್ಳೆಯ ಸೊಪ್ಪೇ ಅದು.

ತಂಬುಳಿ ಬೇಕಾದರೆ ದೊಡ್ಡಪತ್ರೆ, ಒಂದೆಲಗ ಇವೆಯಲ್ಲ. ಹತ್ತು ಹನ್ನೆರಡು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು ತುಪ್ಪದಲ್ಲಿ ಎಲೆ ಬಾಡುವವರೆಗೆ ಹುರಿದು, ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಪೂರ್ತಿ ತಣಿದ ಮೇಲೆ ಎರಡು ಲೋಟ ಮಜ್ಜಿಗೆಗೆ ಬೆರೆಸಿ. ಬಿಸಿಯಲ್ಲಿ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ಒಂದೆಲಗ ಗದ್ದೆ ಬದುವಿನಲ್ಲಿ, ಚರಂಡಿ ಪಕ್ಕದಲ್ಲಿ ಬೆಳೆಯುವ ಗಿಡ, ಬುಡದ ಕೆಸರು ಹೋಗುವಂತೆ ತೊಳೆಯಬೇಕು.

ಜೂನ್ ಬಂದರೆ ಮೊಸರು ಹೆಪ್ಪುಗಟ್ಟುವುದೇ ಇಲ್ಲ, ಇಲ್ಲವೇ ಲೋಳೆಯಾಗುತ್ತದೆ. ಮಳೆಯಲ್ಲಿ ಮೊಸರು ತಿಂದರೆ ಶೀತವಾಗುತ್ತದೆ ಎಂಬುದು ನಿಜವೇ?
ಓದುಗರು, ಸಕಲೇಶಪುರ

ಮೊಸರಿನಿಂದ ನೆಗಡಿ ಬರುವುದಿಲ್ಲ, ವೈರಸ್ಸಿನಿಂದ ಬರುತ್ತದೆ. ತಣ್ಣನೆಯದು ಗಂಟಲಿಗೆ ಹಿತವೆನಿಸದಿದ್ದರೆ ಫ್ರಿಜ್ಜಿನಿಂದ ಮೊದಲೇ ತೆಗೆದಿಡಿ. ಮೊಸರು ನೆಗಡಿಯನ್ನು ತಡೆಯುತ್ತದೆ ಎಂದೂ ನಾವು ಹೇಳುವುದಿಲ್ಲ. ಕೆಲವು ನಿರ್ದಿಷ್ಟ ತಳಿಯ ಬ್ಯಾಕ್ಟೀರಿಯಾಗಳಿಂದ ಸ್ವಲ್ಪ ಪ್ರಯೋಜನ ಕಂಡಿದೆ, ಮನೆಯ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಹೇಳಬರುವುದಿಲ್ಲ. ಸಸ್ಯಾಹಾರಿಗೆ ಪ್ರೋಟೀನ್, ಬಿ12 ಕೊಡುವ ಪದಾರ್ಥವೆಂಬ ಒಂದು ಕಾರಣಕ್ಕೇ ಮೊಸರು ದಿನವೂ ಇರಲಿ.

ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ 40ರಿಂದ 45 ಡಿಗ್ರಿ ಬಿಸಿ ಹಿತ. ಮಳೆಗಾಲದ ಸಕಲೇಶಪುರದ ಅಡುಗೆಮನೆ 20ರ ಆಸುಪಾಸಿನಲ್ಲಿರುತ್ತದೆ, ಹಾಗಾಗಿ ಹಾಲು ಹೆಪ್ಪುಗಟ್ಟುವ ಮೊದಲೇ ತಣಿದುಹೋಗುತ್ತದೆ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಇನ್ನೈದು ನಿಮಿಷ ಕಾಯಿಸಿ. ತಣಿಸುತ್ತಾ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಬೆಚ್ಚಗಿರುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿ ಅನ್ನಿಸಬೇಕು, ಚುರುಕ್ ಎನ್ನಬಾರದು. ಬೇಸಿಗೆಯಲ್ಲಿ ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಸಾಕು, ಈಗ ಎರಡು. ಹೆಪ್ಪನ್ನು ಮೊದಲು ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಿ. ಬಿಸಿನೀರಿನಲ್ಲಿ ತೊಳೆದ ಕ್ಯಾಸರೋಲಿನಲ್ಲಿಟ್ಟು ದಪ್ಪ ಟವೆಲ್ ಸುತ್ತಿ, ಅಥವಾ ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಡಿ. ಎಂಟರಿಂದ ಹತ್ತು ಗಂಟೆ ಅಲುಗಿಸಬೇಡಿ. ಮೇಲೆ ನೀರು ಬಿಟ್ಟು ಮೊಸರು ಒಡೆದಂತಾದರೆ ಹಾಲು ಬಿಸಿ ಹೆಚ್ಚಿತ್ತು ಅಥವಾ ಹೆಚ್ಚು ಹೊತ್ತು ಇಟ್ಟಿರಿ. ಎಳೆಎಳೆಯಾಗಿ ಲೋಳೆಯಾದರೆ ಹೆಪ್ಪು ಕೆಟ್ಟಿದೆ, ತಣ್ಣಗಿನ ಜಾಗದಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಆ ಹೆಪ್ಪಿಗೆ ಎಷ್ಟು ಉಪಚಾರ ಮಾಡಿದರೂ ದಂಡ. ಬೇರೆ ಮನೆಯಿಂದ ಹೊಸ ಹೆಪ್ಪು ತನ್ನಿ, ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆಯಿರಿ.

ಮಜ್ಜಿಗೆಹುಳಿ ಕುದಿಸಿದರೆ ಆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಪ್ರೋಟೀನ್ ಉಳಿಯುತ್ತದೆ.

ಮೂರು ವರ್ಷದ ಮಗನಿಗೆ ಅಂಗನವಾಡಿಗೆ ಹೋಗಲು ಶುರುವಾದಂದಿನಿಂದ ತಿಂಗಳಿಗೊಂದು ನೆಗಡಿ. ಎಂಟು ತಿಂಗಳ ಮಗಳೂ ಇದ್ದಾಳೆ, ಅವಳಿಗೂ ಜೇನುತುಪ್ಪ, ಮೊಳಕೆ ರಾಗಿ ಸರಿ ಕೊಡಬಹುದೇ?
ಓದುಗರು, ಅರಕಲಗೂಡು

ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ನೆಗಡಿ ಸಹಜ, ಹತ್ತು ಮಕ್ಕಳ ಜೊತೆ ಕೂಡುವವರಿಗೆ ಇನ್ನೂ ಒಂದೆರಡು ಹೆಚ್ಚು. ತೂಕ ಏರುತ್ತಿದ್ದು, ನಡುವೆ ಆಡಿಕೊಂಡಿದ್ದರೆ ಅವನ ರೋಗನಿರೋಧಕ ಶಕ್ತಿ ಪಾಠ ಕಲಿಯುತ್ತಿದೆ ಎಂದೇ ತಿಳಿಯಿರಿ. ತೂಕ ನಿಂತರೆ, ಪದೇ ಪದೇ ನ್ಯುಮೋನಿಯ ಅಥವಾ ಕಿವಿ ಸೋರಿದರೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ತಾಯಿ ಕಾರ್ಡ್ ತೆಗೆದು ಎ ಜೀವಸತ್ವದ ಸಾಲು ನೋಡಿ: ಒಂಬತ್ತನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ, ಒಟ್ಟು ಒಂಬತ್ತು ಸಲ. ಮಗಳದು ಬರುವ ತಿಂಗಳು ಇದೆ, ದಡಾರ-ರುಬೆಲ್ಲಾ ಲಸಿಕೆಯ ಜೊತೆಗೆ.

ಮಗಳಿಗೆ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ನಾಲಿಗೆಗೆ ಮುಟ್ಟಿಸುವುದಕ್ಕೂ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಹಸುಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ, ಮೈ ಸೋತು ಉಸಿರಾಟಕ್ಕೆ ಕುತ್ತು ಬರಬಹುದು. ತೋಟದ ಪೆಟ್ಟಿಗೆಯ ಶುದ್ಧ ಜೇನಾದರೂ ಮಾತು ಅದೇ.

ಮೊಳಕೆ ರಾಗಿ ಇಬ್ಬರಿಗೂ ಒಳ್ಳೆಯದು. ಮೊಳೆತಾಗ ಫೈಟೇಟ್ ಕಮ್ಮಿಯಾಗಿ ಸತು, ಕಬ್ಬಿಣ ಹೆಚ್ಚು ಹತ್ತುತ್ತವೆ. ಮಳೆಗಾಲದಲ್ಲಿ ಕೆಡುವುದು ಒಣಗಿಸುವಾಗ. ಅರ್ಧ ಕಿಲೋ ರಾಗಿ ಐದು ಸಲ ತೊಳೆದು ತೇಲಿದ ಹೊಟ್ಟು ಚೆಲ್ಲಿ, ಹನ್ನೆರಡು ಗಂಟೆ ನೆನೆಹಾಕಿ, ನಡುವೆ ಒಮ್ಮೆ ನೀರು ಬದಲಿಸಿ. ನೀರು ಪೂರ್ತಿ ಸೋರಿದ ಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಒಂದು ದಿನಕ್ಕೆ, ಚಳಿಯಿದ್ದರೆ ಒಂದೂವರೆ ದಿನಕ್ಕೆ, ಸೂಜಿಮೊನೆಯಷ್ಟು ಬಿಳಿ ಮೊಳಕೆ ಕಾಣುತ್ತದೆ. ಅಲ್ಲಿಗೇ ನಿಲ್ಲಿಸಿ. ಬೇರು ಹೆಣೆದುಕೊಳ್ಳುವವರೆಗೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಒಂದು ಕಾಳಿನಷ್ಟೇ ದಪ್ಪಕ್ಕೆ ಹರಡಿ ಫ್ಯಾನಿನಡಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಉಜ್ಜಿ ಮೊಳಕೆ ಉದುರಿಸಿ ಬೀಸಿ. ಒಂದು ತಿಂಗಳಿಗಾಗುವಷ್ಟೇ ಮಾಡಿ. ಮುಗ್ಗಲು ವಾಸನೆ ಬಂದ ರಾಗಿಯನ್ನು ಹುರಿದು ಉಳಿಸಿಕೊಳ್ಳುವ ಆಸೆ ಬೇಡ. ಬೂಸ್ಟು ಸಾಯಬಹುದು, ಅದು ಬಿಟ್ಟ ವಿಷ ಸಾಯುವುದಿಲ್ಲ.

ಈ ಹಿಟ್ಟಿನ ಸರಿ ಸಾದಾ ಹಿಟ್ಟಿನದಕ್ಕಿಂತ ತೆಳ್ಳಗಾಗುತ್ತದೆ. ಮೊಳಕೆಯ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೀಗೆ. ನೀರು ಕಮ್ಮಿ ಮಾಡಿ ಹಿಟ್ಟು ಹೆಚ್ಚಿಸಬಹುದು, ಮಗುವಿನ ಪುಟ್ಟ ಹೊಟ್ಟೆಗೆ ಅದೇ ಲಾಭ. ಅರ್ಧ ಚಮಚ ತುಪ್ಪ ಸೇರಿಸಿ. ಮಗಳಿಗೆ ಉಪ್ಪು, ಸಕ್ಕರೆ ಬೇಡ.

ಮಾವನವರಿಗೆ 74, ತೂಕ 55 ಕಿಲೋ. ಹಲ್ಲಿಲ್ಲ. ಎರಡು ಹೊತ್ತು ಮುದ್ದೆ, ತಿಳಿಸಾರು, ಅಷ್ಟೇ. ಕೆಮ್ಮು ಬಂದರೆ ತಿಂಗಳು ಬಿಡುವುದಿಲ್ಲ.
ಓದುಗರು, ಚನ್ನರಾಯಪಟ್ಟಣ

ಹಿಟ್ಟಂ ತಿಂದಂ ಬೆಟ್ಟಮಂ ಕಿತ್ತಿಟ್ಟಂ ಎನ್ನುತ್ತಾರೆ ನಿಜ, ಆದರೆ ಹಿಟ್ಟಿನ ಜೊತೆ ಕಾಳಿದ್ದರೆ ಆ ಮಾತು. ಈ ವಯಸ್ಸಿಗೆ ಕಿಲೋ ತೂಕಕ್ಕೆ ಒಂದು ಗ್ರಾಂನಷ್ಟಾದರೂ, ಅಂದರೆ 55 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 7 ಗ್ರಾಂ, ಎರಡಕ್ಕೆ 14. ತಿಳಿಸಾರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟಿಲ್ಲ. ಹಾಲು-ಮೊಸರು ಸೇರಿ ಅರ್ಧ ಲೀಟರ್ ಕೊಟ್ಟರೆ 16. ಬೇಯಿಸಿದ ಎರಡು ಮೊಟ್ಟೆಗೆ 12. ತಿಳಿಯ ಬದಲು 40 ಗ್ರಾಂ ಹುರಳಿಕಾಳನ್ನು ನೆನೆಸಿ, ಚೆನ್ನಾಗಿ ಬೇಯಿಸಿ, ಕಾಳನ್ನೂ ರುಬ್ಬಿ ಸೇರಿಸಿದ ಗಟ್ಟಿ ಸಾರಾದರೆ 9. ಹುರಿಗಡಲೆ ಪುಡಿ ಎರಡು ಚಮಚ ಹಾಲಿಗೋ ಮಜ್ಜಿಗೆಗೋ ಕದಡಿದರೆ 4. ಅಲ್ಲಿಗೆ 55 ಮುಟ್ಟಿತು. ಅವರೆ ಕಾಲದಲ್ಲಿ ಹಿದುಕಿದ ಬೇಳೆ ಸಾರು ಮಾಡಿ, ಹಲ್ಲಿಲ್ಲದ ಬಾಯಿಗೆ ಅಷ್ಟು ಮೆತ್ತನೆ ಕಾಳು ಇನ್ನೊಂದಿಲ್ಲ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರಿಗೆ ತೋರಿಸಿ.

ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ ಡಿ ಜೀವಸತ್ವಕ್ಕೂ ಆಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಘಟ್ಟ ಹತ್ತಿ ಬರುವ ಸಮುದ್ರದ ಮೀನು ಆಗ ಕಮ್ಮಿ, ಬಂದದ್ದನ್ನು ಕಿವಿರು ಎತ್ತಿ ನೋಡಿ ಕೊಳ್ಳಿ.

ಎರಡು ವಾರ ಮೀರಿದ ಕೆಮ್ಮಿಗೆ ಊಟದ ಸಲಹೆ ಕೇಳುತ್ತಾ ಕೂರಬಾರದು. ಕ್ಷಯ ಇದೆಯೇ ಎಂದು ನೋಡುವ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಈ ವಾರವೇ ಮಾಡಿಸಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆಯೂ ಕೇಳಿ.

ಮಂಗನ ಕಾಯಿಲೆ, ಡೆಂಗ್ಯೂ ಬರದಂತೆ ಏನು ತಿನ್ನಬೇಕು? ಪಪ್ಪಾಯಿ ಎಲೆ ರಸ ಕುಡಿಯಬಹುದೇ?
ಓದುಗರು, ನರಸಿಂಹರಾಜಪುರ

ಈ ಎರಡನ್ನೂ ತಡೆಯುವ ಆಹಾರ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಹುಳ (ಉಣುಗು) ಕಚ್ಚಿ ಬರುವುದು. ಡಿಸೆಂಬರಿನಿಂದ ಮೇವರೆಗೆ ಸೊಪ್ಪು, ತರಗೆಲೆ ತರಲು ಕಾಡಿಗೆ ಹೋಗುವವರು ಉಣ್ಣೆ ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮೈ ತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರು ಸೋಪು ಹಚ್ಚಿ ಮೀಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಡೆಂಗ್ಯೂಗೆ ಅಡಿಕೆ ಹಾಳೆ, ಟೈರು, ತೆಂಗಿನ ಚಿಪ್ಪಿನಲ್ಲಿ ನಿಂತ ನೀರು ಚೆಲ್ಲುವುದೇ ಮದ್ದು.

ಜ್ವರ ಬಂದ ಮೇಲೆ ಗಂಜಿ, ಎಳನೀರು, ಮಜ್ಜಿಗೆ, ಓಆರ್‌ಎಸ್ ಆಗಾಗ ಕುಡಿಯುತ್ತಿರಿ. ಪಪ್ಪಾಯಿ ಎಲೆ ರಸದ ಮೇಲಿನ ಅಧ್ಯಯನಗಳು ಸಣ್ಣವು, ಹಸಿ ರಸ ವಾಂತಿ ತರಿಸಿದರೆ ಇದ್ದ ನೀರೂ ಹೋಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಜಿಮ್ಮಿಗೆ ಹೋಗುವ ಮಗ ನಾಟಿಕೋಳಿಯ ಮೊಟ್ಟೆ ಹಸಿಯಾಗಿ ಕುಡಿಯುತ್ತಾನೆ. ಶಕ್ತಿ ಬರುತ್ತದೆಯೇ?
ಓದುಗರು, ಕಡೂರು

ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಶೇ 90ರಷ್ಟು ಜೀರ್ಣವಾಗುತ್ತದೆ, ಹಸಿಯದರಲ್ಲಿ ಶೇ 50ರಷ್ಟು. ಅಂದರೆ ಎರಡು ಕುಡಿದು ಒಂದರ ಲಾಭ, ಜೊತೆಗೆ ಸಾಲ್ಮೊನೆಲ್ಲಾ ಭೇದಿಯ ಭಯ. ನಾಟಿ, ಫಾರಂ ಎರಡರ ಪ್ರೋಟೀನೂ ಒಂದೇ. ಒಳಗಿನ ಹಳದಿಯ ಕಡು ಬಣ್ಣ ಕೋಳಿ ತಿಂದ ಮೇವಿನದು. ನೀರು ಕುದಿ ಬಂದ ಮೇಲೆ ಹತ್ತು ನಿಮಿಷ ಬೇಯಿಸಿ ಕೊಡಿ.